ತಗಡಿನ ಶೆಡ್ಡಿನ ಶಾಲೆ, ನಮ್ಮ ಸಂಘದ ಹಾಲ್

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನ ನಮ್ಮ ಕನ್ನಡ ಸಂಘದ ಸಭೆಗಳು ನಡೆಯುವುದು ಇಂಗ್ಲಿಷಿನಲ್ಲಿ. ಮಿನಿಟ್ಸ್ ಇಂಗ್ಲಿಷ್, ಜಗಳ ಇಂಗ್ಲಿಷ್. ಕೊನೆಯ ನಾಡಗೀತೆ ಮಾತ್ರ ಕನ್ನಡ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿಸಿದ ಹಾಳೆ ನೋಡಿಕೊಂಡು. ಇಂಥ ಘನ ಸಂಘದ ಹಾಲ್‌ನಲ್ಲಿ ನಾನು ಆರು ವರ್ಷ ಶನಿವಾರಕ್ಕೊಂದು ಗಂಟೆ ಕನ್ನಡ ತರಗತಿ ನಡೆಸಿದೆ.

ಹೋದ ವರ್ಷ ಆ ಒಂದು ಗಂಟೆಯ ಮೇಲೆ ಕಮಿಟಿಯ ಕಣ್ಣು ಬಿತ್ತು. ರಾಜ್ಯೋತ್ಸವದ ಸಿನಿಮಾ ಡಾನ್ಸ್ ಪ್ರಾಕ್ಟೀಸಿಗೆ ಹಾಲ್ ಬೇಕಂತೆ. ತರಗತಿ ಉಳಿಸಿಕೊಳ್ಳಲು ನಾನೊಂದು ಉಪಾಯ ಹೂಡಿದೆ. ಹದಿನಾಲ್ಕರ ನನ್ನ ಮಗಳು ಅಮೆರಿಕದ ಮೂಲನಿವಾಸಿಗಳಾದ ಓಜಿಬ್ವೆ ಜನರ ಶಾಲೆಯೊಂದರ ಚರಿತ್ರೆಯನ್ನು ತನ್ನ ಶಾಲೆಗೆಂದು ಬರೆದಿದ್ದಳು. ಅದನ್ನೇ ಸಭೆಯಲ್ಲಿ ಓದಿಸಿದೆ.

ಓದಿದ್ದು ಇಂಗ್ಲಿಷಿನಲ್ಲಿ, ಅವಳಿಗೆ ಬರುವುದೇ ಅದು. ಹಿಂದೆ ಸರ್ಕಾರ ಆ ಜನರ ಮಕ್ಕಳನ್ನು ದೂರದ ಹಾಸ್ಟೆಲ್ ಶಾಲೆಗಳಿಗೆ ಒಯ್ದಿತ್ತು. ಅಲ್ಲಿ ಮನೆಮಾತು ಆಡಿದರೆ ಹೊಡೆತ. ಮೊಮ್ಮಕ್ಕಳ ಕಾಲಕ್ಕೂ ಊರಿನ ಶಾಲೆಯಲ್ಲಿ ಅವಮಾನ ತಪ್ಪದಿದ್ದಾಗ ತಂದೆತಾಯಂದಿರು ಮಕ್ಕಳನ್ನು ಬಿಡಿಸಿ, ತಮ್ಮದೇ ಶಾಲೆ ತೆರೆದರು. ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ, ಚಳಿಗೆ ಕೋಟು ಬಿಚ್ಚದೆ ಕಲಿತರು. ಮಾತು ಮರೆಯದೆ ಉಳಿದಿದ್ದ ಅಜ್ಜಿಯರು ಬಂದು ಪಾಠ ಹೇಳಿದರು.

ನಮ್ಮ ಅಧ್ಯಕ್ಷರು ದೊಡ್ಡ ಹೃದಯತಜ್ಞರು. ಕನ್ನಡಕ ಒರೆಸಿಕೊಂಡು ಇಂಗ್ಲಿಷಿನಲ್ಲೇ ಅಂದರು: "ವೆರಿ ಮೂವಿಂಗ್, ಪುಟ್ಟಾ. ಪಾಪ, ಎಂಥಾ ಜನಕ್ಕೆ ಎಂಥಾ ಗತಿ ಬಂತು." ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಮೇಡಮ್, ಹಾಲ್‌ನಲ್ಲಿ ಹೀಟಿಂಗ್ ಸರಿಯಿಲ್ಲ. ಕೂತು ಅ ಆ ಇ ಈ ತಿದ್ದೋ ಬದಲು ಕುಣಿದ್ರೆ ಮಕ್ಕಳು ಬೆಚ್ಚಗಾದ್ರೂ ಇರ್ತಾರೆ. ನಿಮ್ಮ ಮಗಳನ್ನೇ ಮುಂದಿನ ಸಾಲಲ್ಲಿ ಹಾಕಿದೀವಿ," ಎಂದರು. ತಗಡಿನ ಶೆಡ್ಡಿನ ಕಥೆ ಕೇಳಿ ಐದು ನಿಮಿಷ ಆಗಿರಲಿಲ್ಲ.

ಡಾನ್ಸಿನ ಪರ ಕೈಗಳು ಎದ್ದವು. ಇವರಿಗೆ ನಾಚಿಕೆ ಎನ್ನುವುದಾದರೂ ಇದೆಯೇ ಎಂದು ಒಬ್ಬೊಬ್ಬರ ಮುಖ ನೋಡಿದೆ. ನಾನೊಬ್ಬಳೇ ಕೈ ಎತ್ತದೆ ಕೂತರೆ ಚೆನ್ನಾಗಿರುವುದಿಲ್ಲ ಎನಿಸಿತು. ಮಗಳಿಗೆ ಸಿಕ್ಕ ಮುಂದಿನ ಸಾಲೂ ನೆನಪಾಯಿತು. ನನ್ನ ಕೈಯೂ ಮೇಲಕ್ಕೆ ಹೋಯಿತು. ಥೂ, ನನ್ನ ಜನ್ಮಕ್ಕೆ.

ಮನೆಗೆ ಬರುವಾಗ ಕಾರಿನಲ್ಲಿ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: ಅವರನ್ನು ಹೊಡೆದದ್ದು ಸರ್ಕಾರ, ನಿಮ್ಮನ್ನೆಲ್ಲ ಹೊಡೆದದ್ದು ಯಾರು, ಅಮ್ಮಾ?

ನರ್ಸರಿಯಲ್ಲಿ ಹಿಂದೆ ಬೀಳಬಾರದೆಂದು ಅವಳ ಜೊತೆ ಮನೆಯಲ್ಲಿ ಕನ್ನಡ ನಿಲ್ಲಿಸಿದವಳು ನಾನು.

ಯಾರೂ ಇಲ್ಲ ಎಂದೆ, ಇಂಗ್ಲಿಷಿನಲ್ಲೇ.