ಮಸ್ಕಿಯ ದಾರಿಯಲ್ಲಿ ಸಿಕ್ಕ ಚಿಗರಿ ಮರಿ

ಯುದ್ಧದ ಕಾಲ. ಪೆಟ್ರೋಲ್ ಸಿಗುತ್ತಿರಲಿಲ್ಲವಾದ್ದರಿಂದ ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ಒಂದೇ ಮೋಟಾರು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಸಂಕ್ರಮಣ ಕಳೆದು ಎಂಟು ದಿನವಾಗಿತ್ತು. ನಾನೂ ನಮ್ಮ ದೊಡ್ಡವ್ವನೂ ಬೆಳಿಗ್ಗೆ ಏಳಕ್ಕೇ ಹೋಗಿ ಕುಳಿತೆವು. ಕ್ಲೀನರು ಹಿಂದಿನ ಒಲೆಗೆ ಇದ್ದಿಲು ತುಂಬಿ, ಪಂಖ ತಿರುವಿ, ಉರಿ ಹಿಡಿಸುವ ಹೊತ್ತಿಗೆ ಎಂಟೂವರೆಯಾಯಿತು. ತಲೆಗೆ ನಿಜಾಮರ ನಾಣ್ಯ ಹಾಲಿ ಸಿಕ್ಕಾದಲ್ಲಿ ಹತ್ತಾಣೆ ಬಾಡಿಗೆ.

ಹೊರಟದ್ದು ಸಿಂಧನೂರಿಗೆ. ಅಲ್ಲಿಗೆ ಕೊಟ್ಟಿದ್ದ ನನ್ನ ತಂಗಿ ಶಾಂತಾಗೆ ಹೆಣ್ಣು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆ ಬಂದಿತ್ತು. ನಾನು ಆಗ ಲಿಂಗಸುಗೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ದೊಡ್ಡವ್ವ ಗಂಗಮ್ಮ ನನ್ನ ತಂದೆಯ ಅಣ್ಣನ ಹೆಂಡತಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮವ್ವ ಸತ್ತ ಮೇಲೆ ನನ್ನನ್ನೂ ಶಾಂತಾಳನ್ನೂ ಸಾಕಿದವಳು ಅವಳೇ. ಮಾತು ಕಡಿಮೆ, ನಡಿಗೆ ಜೋರು.

ಎಂಟು ಮೈಲು ಹೋಗುವಷ್ಟರಲ್ಲಿ ಮೋಟಾರು ಕೆಮ್ಮಿ ನಿಂತಿತು. ಡ್ರೈವರು ಕೆಳಗಿಳಿದು ಕೊಳವೆಗಳನ್ನೆಲ್ಲ ಬಿಚ್ಚಿ ಹರಡಿದ. "ಸಂಜೀತನಕ ಏನೂ ಹೇಳಾಕ ಆಗೂದಿಲ್ಲ ರೀ ಮಾಸ್ತರ," ಎಂದ. ದೊಡ್ಡವ್ವ ಆಗಲೇ ಗಂಟು ತಲೆಯ ಮೇಲಿಟ್ಟುಕೊಂಡಿದ್ದಳು. "ಕುಂತು ಏನು ಮಾಡೂದು? ಹೊಲದ ದಾರಿ ಹಿಡದ್ರ ಹೊತ್ತು ಮುಳುಗೂದರಾಗ ಮಸ್ಕಿ ಮುಟ್ತೀವಿ," ಎಂದು ಎತ್ತಿನ ಗಾಡಿಯ ಜಾಡಿಗೆ ಇಳಿದೇಬಿಟ್ಟಳು.

ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ತೆನೆಯಲ್ಲಿ ಹಾಲು ತುಂಬುವ ದಿನಗಳು. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಒಂದು ಹಳ್ಳ ದಾಟಿ, ಬೇವಿನ ಗಿಡದ ನೆರಳಲ್ಲಿ ಕುಳಿತು ಸಜ್ಜಿ ರೊಟ್ಟಿ, ಪುಂಡಿಪಲ್ಯ ತಿಂದೆವು. ಅಲ್ಲಿಂದ ಮುಂದೆ ಉಳುಮೆಯಿಲ್ಲದ ಹುಲ್ಲಿನ ಬಯಲು. ಅಲ್ಲಲ್ಲಿ ಬೋರೆಹಣ್ಣಿನ ಮುಳ್ಳಿನ ಬಾರಿಕಂಟಿಗಳು, ಬೇರೇನೂ ಇಲ್ಲ.

ಮರಿಯನ್ನು ಮೊದಲು ಕಂಡವಳು ದೊಡ್ಡವ್ವ. ಒಂದು ಬಾರಿಕಂಟಿಯ ಪಕ್ಕದಲ್ಲಿ, ಒಣಹುಲ್ಲಿನ ಬಣ್ಣಕ್ಕೇ ಬೆರೆತು, ಗದ್ದವನ್ನು ನೆಲಕ್ಕೆ ಒತ್ತಿ ಚಿಗರಿಯ, ಅಂದರೆ ಹುಲ್ಲೆಯ, ಮರಿಯೊಂದು ಮಲಗಿತ್ತು. ಹುಟ್ಟಿ ಎರಡು ಮೂರು ದಿನವಾಗಿರಬಹುದು. ನಾವು ಮೇಲೆ ಬಗ್ಗಿದರೂ ಅಲುಗಲಿಲ್ಲ. ಕಣ್ಣು ಮಾತ್ರ ತೆರೆದಿತ್ತು, ಪಕ್ಕೆ ಏರಿಳಿಯುತ್ತಿತ್ತು. ಸುತ್ತ ನೋಡಿದೆವು, ಕಣ್ಣು ಹಾಯುವವರೆಗೂ ಒಂದು ಚಿಗರಿಯೂ ಇರಲಿಲ್ಲ. ಮೇಲೆ ಎರಡು ಹದ್ದು ಸುತ್ತುತ್ತಿದ್ದವು.

"ಬಿಟ್ಟು ಹೋಗ್ಯಾಳ," ಎಂದಳು ದೊಡ್ಡವ್ವ.

ಸ್ವಲ್ಪ ಹೊತ್ತು ಅಲ್ಲೇ ನಿಂತು ಕಾದೆವು. ಈಗ ಯೋಚಿಸಿದರೆ, ನಾವು ಅಲ್ಲಿ ನಿಂತಿದ್ದೇ ತಾಯಿ ಬಾರದಿರಲು ಸಾಕಾಗಿತ್ತು. ಆದರೆ ಆಗ ಅದು ಹೊಳೆಯಲಿಲ್ಲ. ದೊಡ್ಡವ್ವ ಮರಿಯನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ನಾನು ಬೇಡ ಎನ್ನಲಿಲ್ಲ. ಸಿಂಧನೂರಿನಲ್ಲಿ ಶಾಂತಾಳ ಮನೆಯಲ್ಲಿ ಹಸುವಿದೆ, ಹಾಲು ಹಾಕಿ ಬದುಕಿಸಬಹುದು ಎಂದು ನಾನೇ ಹೇಳಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಒಂದು ಮೈಲಿನಷ್ಟು ನಡೆದೆವು.

ಅಲ್ಲಿ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಕಂಬಳಿ ಹೊದ್ದು ಕೋಲಿನ ಮೇಲೆ ಗದ್ದವಿಟ್ಟು ನಿಂತವನು ನಮ್ಮನ್ನು ಕಂಡು ಮೊದಲು ಎರಡು ನಾಯಿಗಳನ್ನು ಗದರಿಸಿ ಕೂರಿಸಿದ. ಬೀರಪ್ಪ ಎಂದು ಹೆಸರು ಹೇಳಿದ. ದೊಡ್ಡವ್ವ ಮರಿಗೆ ಒಂದು ಗುಟುಕು ಕುರಿಯ ಹಾಲು ಕೇಳಿದಳು. ಅವನು ಸೆರಗು ಸರಿಸಿ ನೋಡಿದ.

"ಎಲ್ಲಿಂದ ತಂದಿ ಬೇ ಇದನ್ನ?"

"ಹುಲ್ಲಾಗ ಬಿದ್ದಿತ್ತಪ್ಪ. ದಿಕ್ಕಿಲ್ಲದ ಕೂಸು."

"ದಿಕ್ಕಿಲ್ಲಂತ ಯಾರು ಹೇಳಿದ್ರು ನಿನಗ? ಬಿದ್ದಿದ್ದಿಲ್ಲ ಅದು, ಮಲಗಿಸಿ ಹೋಗ್ಯಾಳ. ಇನ್ನಾ ಓಡಾಕ ಬರೂದಿಲ್ಲಲ್ಲ ಅದಕ್ಕ. ತಾಯಿ ಬಾಜೂಕ ನಿಂತ್ರ ತೋಳಕ್ಕ ಗುರ್ತು ಸಿಗ್ತೈತಿ. ಅದಕ್ಕ ದೂರ ಮೇಯ್ಕೋತ ಇದ್ದು, ಹೊತ್ತಿಗೆ ಬಂದು ಮೊಲಿ ಕುಡಿಸಿ ಹೋಗ್ತಾಳ."

ನಾನು ಕೇಳಿದೆ: "ಈಗ ಮನುಷ್ಯರ ವಾಸನೆ ಹತ್ತಿತಲ್ಲ. ಮುಟ್ಟಿದ ಮರಿಯನ್ನ ತಾಯಿ ಸೇರಿಸೂದಿಲ್ಲಂತಾರ?"

"ಅದು ಊರ ಮಂದಿ ಮಾತು ರೀ. ನಾ ದಿನಾ ಕುರಿಮರಿ ಮುಟ್ತೀನಿ, ಯಾವ ತಾಯಿ ಬಿಟ್ಟೈತಿ? ಇದ್ದ ಜಾಗಾಕ್ಕ ಇಟ್ಟು ದೂರ ಸರೀರಿ, ಅಷ್ಟ. ತಾಯಿ ಸತ್ತದ್ದು ಕಣ್ಣಾರೆ ಕಂಡ್ರ, ಇಲ್ಲಾ ಮರಿ ಒದರ್ಕೋತ ಅಡ್ಡಾಡಾಕತ್ತಿದ್ರ, ಮೈಗೆ ನೊಣ ಮುತ್ತಿದ್ರ, ಆವಾಗ ಎತ್ತೂದು ಬ್ಯಾರೆ ಮಾತು."

ಹರೆಯದಲ್ಲಿ ತಾನೂ ಇಂಥದೇ ಒಂದು ಮರಿಯನ್ನು ತಂದು ಸಾಕಿದ್ದೆನೆಂದು ಅವನು ಹೇಳಿದ. ಕುರಿಯ ಹಾಲು ಕುಡಿದು ಬದುಕಿತಂತೆ. ಹಟ್ಟಿಯ ನಾಯಿಗಳ ಜೊತೆ ಆಡುತ್ತಾ, ಅವುಗಳ ಮೈಗೆ ಒರಗಿಯೇ ಮಲಗುತ್ತಿತ್ತಂತೆ. "ಮುಂದ ಬ್ಯಾರೆ ಊರಿನ ಸೀಮಿಗೆ ಹೋದಾಗ ಅಲ್ಲಿ ನಾಯಿ ಬಂದ್ವು. ಇದು ಓಡಲಿಲ್ಲ. ಬಾಲ ಅಳ್ಳಾಡಿಸ್ಕೋತ ಎದುರಿಗೆ ಹೋತು," ಎಂದು ನಿಲ್ಲಿಸಿದ.

ದೊಡ್ಡವ್ವ ಸೆರಗನ್ನು ಇನ್ನಷ್ಟು ಬಿಗಿ ಮಾಡಿದಳು. "ನಾ ಒಲ್ಲೆ. ಬಿಟ್ಟು ಹೋದಾಕಿ ಬರೂದಿಲ್ಲ," ಎಂದಳು.

ಅವಳ ದನಿ ಹೀಗೇಕೆ ಗಡುಸಾಯಿತೆಂದು ನನಗೆ ಗೊತ್ತಿತ್ತು. ನಾಲ್ಕೈದು ವರ್ಷದವಳಿದ್ದಾಗ, ಬರಗಾಲದಲ್ಲಿ, ಅವಳ ತಾಯಿ ಅವಳನ್ನು ತುರ್ವಿಹಾಳದಲ್ಲಿ ದೂರದ ಸಂಬಂಧಿಕರ ಮನೆಯಲ್ಲಿ ಬಿಟ್ಟು, ಕೆಲಸ ಹುಡುಕಿಕೊಂಡು ಹೊಳೆಯಾಚೆ ಹೋಗಿದ್ದಳು. ಎರಡು ವರ್ಷ ದಾರಿ ನೋಡಿ ಆ ಸಂಬಂಧಿಕರು ಹುಡುಗಿಯನ್ನು ಲಿಂಗಸುಗೂರಿನ ಕಡೆ ಯಾರ ಮನೆಗೋ ಒಪ್ಪಿಸಿದರು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಸಂಗತಿ.

ಬೀರಪ್ಪ ಹಟ ಮಾಡಲಿಲ್ಲ. ಕುರಿಗಳ ಕಡೆ ತಿರುಗಿ ಹೇಳಿದ: "ನಿನ್ನ ಕೈಯಾಗ ಐತಿ ಬೇ. ಆಕಿ ಹೊತ್ತು ಇಳಿಯಾಕ ಬಂದು ನೋಡ್ತಾಳ. ಕಾಣಲಿಲ್ಲಂದ್ರ ಎರಡು ದಿನ ಆ ಕಂಟೀನ ಸುತ್ತತಾಳ. ಕೆಚ್ಚಲ ಬಾತಿರ್ತೈತಿ. ನಾ ನೋಡೀನಿ."

ದೊಡ್ಡವ್ವ ಗಂಟನ್ನು ನನ್ನ ಕೈಗೆ ಕೊಟ್ಟು, ಬಂದ ದಾರಿಗೆ ತಿರುಗಿದಳು.

ಜಾಗ ಹುಡುಕುವುದು ಸುಲಭವಾಗಲಿಲ್ಲ. ಬರುವಾಗ ಒಂದೇ ಇದ್ದಂತೆ ಕಂಡ ಬಾರಿಕಂಟಿ ಈಗ ಹತ್ತಾರಿದ್ದವು. ನಾನು ಒಂದನ್ನು ತೋರಿಸಿದೆ, ಅವಳು ಅಲ್ಲವೆಂದಳು. ಮತ್ತೊಂದು, ಅದೂ ಅಲ್ಲ. ಅರ್ಧ ತಾಸು ತಿರುಗಿದ ಮೇಲೆ ಒಂದು ಕಂಟಿಯ ಬುಡದಲ್ಲಿ ಹುಲ್ಲು ಬೋಗುಣಿಯ ಹಾಗೆ ತಗ್ಗಾಗಿ ಒರಗಿದ್ದು ಕಂಡಿತು. ಪಕ್ಕದಲ್ಲಿ ದೊಡ್ಡವ್ವನದೇ ಹೆಜ್ಜೆಗುರುತು ಇತ್ತು. ಅಲ್ಲಿ ಮರಿಯನ್ನು ಇಳಿಸಿ ನಾವು ಹೊರಟರೆ ಅದು ಎದ್ದು ನಡುಗುವ ಕಾಲಲ್ಲಿ ದೊಡ್ಡವ್ವನ ಹಿಂದೆಯೇ ಬಂತು. ಮತ್ತೆ ಇಟ್ಟಳು, ಮತ್ತೆ ಬಂತು. ಮೂರನೆಯ ಸಲ ಅದರ ಹೆಗಲ ಮೇಲೆ ಅಂಗೈಯಿಟ್ಟು, ಅದು ಗದ್ದವನ್ನು ನೆಲಕ್ಕೆ ಊರುವವರೆಗೂ ಮೆಲ್ಲಗೆ ಒತ್ತಿ ಹಿಡಿದಳು. "ಮಲಕ್ಕೋ. ನಾ ನಿಮ್ಮವ್ವ ಅಲ್ಲ," ಎಂದಳು. ಕೈ ತೆಗೆದು, ಹಿಂದೆ ನೋಡದೆ ಬಂದಳು.

ಗಾಳಿ ನಮ್ಮ ಕಡೆಗೆ ಬೀಸುವಂತೆ ನೋಡಿಕೊಂಡು, ಮೂರು ನೂರು ಹೆಜ್ಜೆ ದೂರದ ಜೋಳದ ಹೊಲದ ಬದುವಿನ ಹಿಂದೆ ಕುಳಿತೆವು. ಬಿಸಿಲು ವಾಲುತ್ತಾ ಹೋಯಿತು. ಒಂದು ಸಲ ಎಲ್ಲಿಂದಲೋ ಒಂದು ಕೆಂಚು ನಾಯಿ ಬಂದು ನೇರ ಆ ಕಂಟಿಯ ಕಡೆ ಹೆಜ್ಜೆ ಹಾಕಿತು. ನಾನು ಕಲ್ಲು ಹಿಡಿದು ಎದ್ದೆ. ದೊಡ್ಡವ್ವ ನನ್ನ ಧೋತರದ ಚುಂಗು ಹಿಡಿದು ಎಳೆದಳು. "ಕುಂದರು. ನೀ ಓಡಿದ್ರ ಅದು ಏಳತೈತಿ." ನಾಯಿ ಕಂಟಿಯ ಹತ್ತು ಹೆಜ್ಜೆ ಈಚೆ ನಿಂತು, ಮೂಗೆತ್ತಿ, ಏನೂ ಸಿಗದೆ ಹಳ್ಳದ ಕಡೆ ಇಳಿದು ಹೋಯಿತು. ಅವಳ ಮುಷ್ಟಿಯಲ್ಲಿ ನನ್ನ ಧೋತರ ಆಮೇಲೂ ಬಹಳ ಹೊತ್ತು ಇತ್ತು.

"ಬರದಿದ್ರ?" ಎಂದು ಕೇಳಿದೆ.

"ಬರದಿದ್ರ ಹೊತ್ತು ಮುಳುಗೂ ಮುಂದ ಎತಕೊಂಡು ಹೋಗೂಣು. ಆತನಕ ಕಾಯೂದು."

ಹೊತ್ತು ಇನ್ನೂ ಎರಡಾಳೆತ್ತರ ಇದ್ದಾಗ ಹೆಣ್ಣು ಚಿಗರಿ ಕಂಡಿತು. ನೇರ ಬರಲಿಲ್ಲ. ಮೇಯುವಂತೆ ಬಗ್ಗುವುದು, ತಲೆಯೆತ್ತಿ ನಿಲ್ಲುವುದು, ಬೇರೆ ಕಡೆ ನಡೆದು ಮತ್ತೆ ತಿರುಗುವುದು. ಹೀಗೆ ಸುತ್ತು ಹಾಕುತ್ತಾ ಕಂಟಿಯ ಹತ್ತಿರ ಬಂತು. ಹುಲ್ಲಿನಿಂದ ಮರಿ ಎದ್ದು ನಿಂತಿತು. ತಾಯಿ ಅದರ ಬೆನ್ನನ್ನು, ಬಾಲದ ಬುಡವನ್ನು ಮೂಸಿತು, ನೆಕ್ಕಿತು. ಮರಿ ಹೊಟ್ಟೆಯ ಕೆಳಗೆ ತಲೆ ತೂರಿಸಿ ಕುಡಿಯತೊಡಗಿತು. ಗುದ್ದಿ ಗುದ್ದಿ ಕುಡಿಯುತ್ತಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

"ಬಂದ್ಲು," ಎಂದಳು ದೊಡ್ಡವ್ವ. ಕಣ್ಣೊರೆಸಿಕೊಂಡಳು. ಬದುವಿನ ಮರೆಯಲ್ಲೇ ಸರಿದು, ಜೋಳದೊಳಗಿಂದ ಬಳಸಿ ದಾರಿಗೆ ಬಂದೆವು.

ಮಸ್ಕಿ ಸೇರಿದಾಗ ದೀಪ ಹಚ್ಚಿದ್ದರು. ಗುಡ್ಡದ ಬುಡದ ಗುಡಿಯ ಪೌಳಿಯಲ್ಲಿ ಮಲಗಿದೆವು. ಬೆಳಿಗ್ಗೆ ನಾನು ಗುಡ್ಡ ಹತ್ತಿ ಬಂಡೆಯ ಮೇಲಿನ ಹಳೆಯ ಅಕ್ಷರಗಳನ್ನು ನೋಡಿ ಬಂದೆ. ಒಂದಕ್ಷರವೂ ಓದಲು ಬರಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಹತ್ತಿಯ ಗಾಡಿಯವನೊಬ್ಬನನ್ನು ಒಪ್ಪಿಸಿದ್ದಳು. ಹತ್ತಿಯ ಅಂಡಿಗೆಗಳ ಮೇಲೆ ಕುಳಿತು ಹದಿನೇಳು ಮೈಲು ಹೋದೆವು. ಮೋಟಾರಿಗಿಂತ ಸುಖವಾಗಿತ್ತು.

ಸಿಂಧನೂರಿನಲ್ಲಿ ನಾಲ್ಕು ದಿನ ಇದ್ದೆವು. ಕೂಸಿನ ಹೆಸರು, ಹೋಳಿಗೆ, ಬೀಗರ ಮಾತು, ಎಲ್ಲ ಸಾಂಗವಾಗಿ ಮುಗಿಯಿತು. ಹೊರಡುವ ದಿನ ಬೀಗರು ಗಾಡಿ ಕಟ್ಟಿಸಿದರು. ದೊಡ್ಡವ್ವ ಗಾಡಿಯವನಿಗೆ ಹೇಳಿದಳು: "ತುರ್ವಿಹಾಳದ ಮ್ಯಾಲ ಹಾದು ಹೋಗೂಣಪ್ಪ." ಸುತ್ತಾಗುತ್ತದೆಂದು ಅವನು ಗೊಣಗಿದ. ಐವತ್ತು ವರ್ಷಗಳಲ್ಲಿ ಅವಳು ಆ ಊರಿಗೆ ಕಾಲಿಟ್ಟಿರಲಿಲ್ಲ.

ಅವಳನ್ನು ಬಿಟ್ಟಿದ್ದ ಮನೆ ಈಗ ಬೇರೆಯವರ ದನದ ಕೊಟ್ಟಿಗೆಯಾಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ತೀರ ವಯಸ್ಸಾದ ಒಬ್ಬಳು ಬಿಸಿಲು ಕಾಯಿಸುತ್ತಾ ಕುಳಿತಿದ್ದಳು. ದೊಡ್ಡವ್ವ ಪಕ್ಕದಲ್ಲಿ ಕುಳಿತು ತನ್ನ ಹೆಸರು, ತಾಯಿಯ ಹೆಸರು ಹೇಳಿದಳು. "ನನ್ನ ಕಳಿಸಿದ ಮ್ಯಾಲ ನಮ್ಮವ್ವ ಏನರ ಇಲ್ಲಿಗೆ ಬಂದಿದ್ಲೇನ ಬೇ? ಹುಡುಕ್ಕೋತ?"

ಮುದುಕಿ ತಲೆಯಾಡಿಸಿದಳು. "ತಿಳಿವಲ್ದವ್ವ. ಆ ಬರದಾಗ ಭಾಳ ಮಂದಿ ಬರ್ತಿದ್ರು, ಹೋಗ್ತಿದ್ರು. ಯಾರ್ಯಾರೋ ಹೆಣ್ಣುಮಕ್ಕಳು ಬಾಗಿಲಿಗೆ ಬಂದು ನಿಂತು ಕೇಳ್ತಿದ್ರು. ನಿಮ್ಮವ್ವನೂ ಇದ್ದಳೇನೋ, ಇದ್ದಿಲ್ಲೇನೋ. ಸುಳ್ಳು ಯಾಕ ಹೇಳ್ಲಿ."

"ಬ್ಯಾಡ ಬಿಡು," ಎಂದಳು ದೊಡ್ಡವ್ವ. ಮುದುಕಿ ಕೊಟ್ಟ ನೀರು ಕುಡಿದು, ಎದ್ದು ಕೊಟ್ಟಿಗೆಯ ಬಾಗಿಲವರೆಗೆ ಹೋಗಿ, ಹೊಸ್ತಿಲ ಮುಂದೆ ಸ್ವಲ್ಪ ನಿಂತು ಬಂದಳು.

ಗಾಡಿ ಮಸ್ಕಿಯ ದಾರಿ ಹಿಡಿಯಿತು. ಬೇಸರವಾಯಿತೇನು ಎಂದು ನಾನು ಕೇಳಿದೆ. "ಇಲ್ಲ. ಇಷ್ಟು ವರ್ಷ ನಮ್ಮವ್ವ ಬಂದಿಲ್ಲ ಅಂತನ ಹಿಡದು ಕುಂತಿದ್ದೆ. ಬಂದಿರಬಹುದು ಅನ್ನೂದು ತಲ್ಯಾಗ ಹೊಕ್ಕಿರಲಿಲ್ಲ," ಎಂದಳು. ಎಲ್ಲರೂ ಎತ್ತಿನ ಕಡೆ ಮುಖ ಮಾಡಿ ಕೂರುವ ಗಾಡಿಯಲ್ಲಿ ಅವಳು ಹಿಂದಕ್ಕೆ ತಿರುಗಿ ಕುಳಿತು, ಜೋಳದ ತೆನೆಗಳು ಊರನ್ನು ಮರೆಮಾಡುವವರೆಗೂ ನೋಡುತ್ತಲೇ ಇದ್ದಳು.