ನಾಲ್ಕು ಬೆರಳು ಜಾಗ

ನಮ್ಮ ಅತ್ತಿಗೆ ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿರುತ್ತದೆ, ಬಾಯಿ ಓಡುತ್ತಿರುತ್ತದೆ. ನೀರು, ಎಣ್ಣೆ ತುಂಬಿದ ಟ್ಯಾಂಕುಗಳಿಗೆ ಕಂಪ್ಯೂಟರಿನಲ್ಲೇ ಏಟು ಹಾಕಿ, ಒಳಗಿನ ಒತ್ತಡ ಎಲ್ಲಿಗೆ ನುಗ್ಗುತ್ತದೆಂದು ನೋಡುವುದು ಅವಳ ಕೆಲಸ. ಮನೆಯಲ್ಲೂ ಅದೇ ಚಾಳಿ. ಯಾವ ಬಾಟಲಿಯನ್ನೂ ಕಂಠದವರೆಗೆ ತುಂಬಲು ಬಿಡಳು. ಮೇಲೆ ನಾಲ್ಕು ಬೆರಳು ಜಾಗ ಇರಲೇಬೇಕು.

“ತುಂಬಿದ ಕೊಡ ತುಳುಕಲ್ಲ ಕಣೇ,” ಎಂದು ಅಮ್ಮ ಅವಳನ್ನು ಚುಚ್ಚುತ್ತಿದ್ದಳು. ಅಮ್ಮನದು ಅಳೆದು ತೂಗಿ ಆಡುವ ಮಾತು.

“ತುಳುಕಲ್ಲ ಅತ್ತೆ, ಆದ್ರೆ ಏಟು ಬಿದ್ರೆ ಒಡೆಯತ್ತೆ. ಅದೂ ಎಷ್ಟೋ ಸಲ ಏಟು ಬಿದ್ದ ಕಡೆ ಬಿಟ್ಟು ಇನ್ನೆಲ್ಲೋ. ಜಾಗ ಇದ್ರೆ ನೀರು ಎಗರಾಡಿ ಸುಮ್ನಾಗತ್ತೆ.”

ಈ ಪಾಠ ಕೇಳಿ ಕೇಳಿ ನನಗಂತೂ ತಲೆ ಚಿಟ್ಟು ಹಿಡಿದಿತ್ತು.

ಹೋದ ತಿಂಗಳು ಅಮ್ಮನ ಒಬ್ಬನೇ ತಮ್ಮ ತೀರಿಕೊಂಡ. ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರೆಲ್ಲ “ಎಂಥಾ ಗಟ್ಟಿ ಜೀವ!” ಎಂದು ಹೊಗಳಿ ಹೋದರು. ಅತ್ತಿಗೆ ಮಾತ್ರ ಆಫೀಸಿಗೆ ರಜೆ ಹಾಕಿ, ಕಾಲು ಸುಟ್ಟ ಬೆಕ್ಕಿನ ಹಾಗೆ ಅಮ್ಮನ ಹಿಂದೆ ಮುಂದೆ ಸುಳಿದಾಡಿದಳು.

ಒಂದು ಮಧ್ಯಾಹ್ನ ನಾನು ಅಡುಗೆಗೆ ಉಪ್ಪು ಹಾಕುವುದನ್ನು ಮರೆತೆ. ಅಮ್ಮ ಒಂದು ತುತ್ತು ತಿಂದವಳೇ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಳು.

“ಈ ಮನೇಲಿ ಯಾರಿಗೂ ಏನೂ ಬೇಡ ಅಲ್ವಾ!” ಎಂದು ಚೀರಿದಳು.

ನನಗೆ ಮೈಯೆಲ್ಲ ಉರಿದು ಎದುರು ಮಾತಿಗೆ ಬಾಯಿ ತೆರೆದೆ. ಅತ್ತಿಗೆ ನನ್ನ ಕೈಯನ್ನು ಒತ್ತಿ ಹಿಡಿದಳು. ಮೇಜಿನ ಕೆಳಗೆ ಅವಳ ಕಾಲು ಅಲುಗಾಡುತ್ತಿರಲಿಲ್ಲ.

“ಇದು ಉಪ್ಪಿಗಲ್ಲ, ಸುಮ್ನಿರು,” ಎಂದು ಪಿಸುಗುಟ್ಟಿ, ತನ್ನ ತಟ್ಟೆಯನ್ನು ಅಮ್ಮನ ಮುಂದೆ ಸರಿಸಿದಳು.

“ಇದನ್ನೂ ಎಸೀರಿ ಅತ್ತೆ.”