ಹಿತ್ತಾಳೆ ಇಂಜಿನ್ನಿನ ಮೇಲೆ ಬೋರಕ್ಕನ ಹೆಸರು

ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಹೊರಟ ಬಸ್ಸು ಬಿ.ಜಿ. ಕೆರೆ ದಾಟಿದ್ದೇ ತಡ, ಅಡ್ಡ ಬಂದ ಕುರಿ ಹಿಂಡಿಗೆ ಗಕ್ಕನೆ ಬ್ರೇಕ್ ಹಾಕಿತು. ನನ್ನ ತೊಡೆಯ ಮೇಲಿದ್ದ ಕೈಚೀಲ ಮಗುಚಿ, ಒಳಗಿದ್ದ ಹಿತ್ತಾಳೆಯ ರೈಲು ಇಂಜಿನ್ನು ಕೆಳಗೆ ಬಿದ್ದು, ಸೀಟುಗಳ ನಡುವಿನ ದಾರಿಯಲ್ಲಿ ಡ್ರೈವರ್ ಕಡೆಗೆ ಹೊರಟೇಬಿಟ್ಟಿತು. ಮೊಳದುದ್ದದ ಇಂಜಿನ್ನು, ಚಕ್ರಗಳು ಇಂದಿಗೂ ನುಣ್ಣಗೆ ತಿರುಗುತ್ತವೆ. ಅಜ್ಜಿಯೊಬ್ಬಳು ಕಾಲೆತ್ತಿ ದಾರಿ ಬಿಟ್ಟು, ಅದು ಹಾದುಹೋದ ಮೇಲೆ ಕೈಮುಗಿದಳು. ಕಂಡಕ್ಟರ್ ಅದನ್ನು ಹಿಡಿದೆತ್ತಿ, ಪಕ್ಕೆಯಲ್ಲಿ ಕೆತ್ತಿದ್ದ ಅಕ್ಷರಗಳನ್ನು ಇಡೀ ಬಸ್ಸಿಗೆ ಕೇಳುವಂತೆ ಓದಿದ:

"ಬೋರಕ್ಕ, ಮೊಳಕಾಲ್ಮುರು! ಯಾರ್ರೀ ಬೋರಕ್ಕ? ನಿಮ್ ಇಂಜಿನ್ ಬಂದೈತೆ ನೋಡ್ರಿ!"

ಕೈ ಎತ್ತದೆ ವಿಧಿಯಿರಲಿಲ್ಲ. ಮೀಸೆಯೂ ಬೊಜ್ಜೂ ಇರುವ, ಭಾನುವಾರದ ಪುರವಣಿಗಳಲ್ಲಿ ಒಮ್ಮೊಮ್ಮೆ ಫೋಟೊ ಸಮೇತ ಅಚ್ಚಾಗುವ ನಾನು ಎದ್ದು ನಿಂತು "ನಾನೇ" ಅಂದೆ.

"ಹಿಡ್ಕಳ್ರಿ ಬೋರಕ್ಕಾರೇ. ಇಂಜಿನ್ನೇ ಬಸ್ ಹತ್ತಿದ್ರೆ ರೈಲ್ನೋರ ಗತಿ ಏನ್ರಿ?"

ಚಳ್ಳಕೆರೆ ಬರುವವರೆಗೂ ನಾನು ಕಿಟಕಿಯಾಚೆಯ ಜಾಲಿಮುಳ್ಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ನಿಜವಾದ ಬೋರಕ್ಕ ನನ್ನ ಹೆಂಡತಿ ಸುನಿತಾಳ ದೊಡ್ಡಮ್ಮ. ಆಕೆಯ ಗಂಡ ಹನುಮಣ್ಣ ಮೀಟರ್ ಗೇಜ್ ಕಾಲದಲ್ಲಿ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಹಗಲೆಲ್ಲ ದೊಡ್ಡ ಇಂಜಿನ್ನಿನ ಕೆಳಗೆ ಮಲಗಿ, ಸಂಜೆ ಮನೆಗೆ ಬಂದು ಚೂರುಪಾರು ಹಿತ್ತಾಳೆಯಲ್ಲಿ ಅದರದೇ ಮರಿಯನ್ನು ಮಾಡುತ್ತ ಕೂರುತ್ತಿದ್ದರು. ಹನುಮಣ್ಣ ಹೋದರು, ಮರಿ ಉಳಿಯಿತು. ಈಗ ಬೋರಕ್ಕನ ಕೇರಿಯ ನೇಕಾರ ಹೆಂಗಸರೆಲ್ಲ ಸೇರಿ ರೈಲಿನಲ್ಲಿ ಕಾಶಿಗೆ ಹೊರಟಿದ್ದಾರೆ. ಸೋಮವಾರದೊಳಗೆ ದುಡ್ಡು ಕಟ್ಟಿದವರಿಗಷ್ಟೇ ಸೀಟು.

"ಜೀವಮಾನ ಎಲ್ಲಾ ರೈಲು ರಿಪೇರಿ ಮಾಡ್ದ, ನನ್ನ ರಾಯದುರ್ಗದಿಂದ ಆಚೆಗೆ ಕರ್ಕಂಡ್ ಹೋಗ್ಲಿಲ್ಲ," ಎಂದಿದ್ದಳು ಆಕೆ, ಇಂಜಿನ್ನನ್ನು ಹಳೆ ಟವೆಲಿನಲ್ಲಿ ಸುತ್ತುತ್ತ. "ಈಗ ಇದೇ ನನ್ನ ಎಳ್ಕಂಡ್ ಹೋಗ್ಲಿ. ಚಿತ್ತಯ್ಯನ ಹತ್ರ ಒಯ್ಯಿ."

ಇಂಥ ಇಂಜಿನ್ನುಗಳಿಗೆ ಬೆಲೆ ಕಟ್ಟಿ ಮಾರಿಸುವವನು ನಮ್ಮ ಸೀಮೆಗೆಲ್ಲ ಚಿತ್ತಯ್ಯ ಒಬ್ಬನೇ. ಮೊಳಕಾಲ್ಮುರಿನ ಮಗ್ಗದ ಮನೆಯವನು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಒಗ್ಗದೆ ಚಳ್ಳಕೆರೆಗೆ ಬಂದು, ಪಾತ್ರೆ ಅಂಗಡಿಯ ಬಾಗಿಲಲ್ಲಿ ಹೆಸರು ಕೆತ್ತಲು ಕೂತ. ಎದ್ದು ಓಡಾಡುವ ಕಸುಬು ಹುಡುಕಿ ಬಂದವನು ಮತ್ತೆ ಕೂತಿದ್ದು ಹೇಗೆ ಎಂದು ಕೇಳಿದರೆ, "ಇಲ್ಲಿ ಬೀದಿ ಕಾಣ್ತೈತೆ" ಅನ್ನುತ್ತಾನೆ. ಮದುವೆಯ ಉಡುಗೊರೆಗೆ ಕೊಳಗ ತಂಬಿಗೆಗಳ ಬದಲು ಕುಕ್ಕರ್ ಕೊಡುವ ಕಾಲ ಬಂದಾಗ, ಅದೇ ಅಂಗಡಿಯನ್ನು ವಹಿಸಿಕೊಂಡು ಹಳೆ ಹಿತ್ತಾಳೆ ಕೊಳ್ಳತೊಡಗಿದ. ಆ ರಾಶಿಯಲ್ಲಿ ಬಂದ ಮೊದಲ ಇಂಜಿನ್ನನ್ನು ಕೊಳಗದ ಜೊತೆ ತೂಕಕ್ಕೆ ಹಾಕಿ ಮಾರಿದ. ಕೊಂಡವನು ಹತ್ತು ದಿನದೊಳಗೆ ಕಾರು ಮಾಡಿಕೊಂಡು ಬಂದು "ಇನ್ನೊಂದು ಇದೆಯಾ?" ಎಂದು ಕೇಳಿದಾಗ ತಕ್ಕಡಿಯನ್ನು ಅಟ್ಟಕ್ಕೆ ಹಾಕಿದ.

ಬೆಲೆ ಕಟ್ಟುವ ವಿದ್ಯೆ ಅವನಿಗೆ ಯಾವ ಪುಸ್ತಕದಿಂದಲೂ ಬಂದಿದ್ದಲ್ಲ. ಒಮ್ಮೆ ನನಗೇ ಹೇಳಿದ್ದ: "ಕೊಳ್ಳೋನ ಕೈಗೆ ಕೊಟ್ಟು ಸುಮ್ನಿರ್ಬೇಕು ಸಾರ್. ಕೆಳಗಿಡಾಕೆ ಎಷ್ಟು ತಡ ಮಾಡ್ತಾನೋ ಅಷ್ಟು ರೇಟು." ಕೊಳ್ಳುವ ಮೊದಲು ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ, ಅರ್ಥವಾದವನಂತೆ ತಲೆಯಾಡಿಸಿ, ಪ್ರತಿ ಸಲವೂ ಬಿಳಿಯದನ್ನೇ ಮನೆಗೆ ತರುವ ನನಗೆ ಇದು ದೊಡ್ಡ ಶಾಸ್ತ್ರವಾಗಿ ಕಂಡಿತ್ತು.

ನಾನು ಹೋದಾಗ ಚಿತ್ತಯ್ಯ ತನ್ನ ಗೋಣಿತಾಟಿನ ಮೇಲೆ ಕೂತಿದ್ದ. ಟವೆಲು ಬಿಚ್ಚಿ, ಪಕ್ಕೆಯ ಮೇಲಿನ ಅಕ್ಷರ ನೋಡಿ ಮುಖ ಸಣ್ಣ ಮಾಡಿದ.

"ಇದು ನನ್ದೇ ಕೈ ಸಾರ್. ಬೋರಕ್ಕನೇ ತಂದಿದ್ಲು. ಇಂಜಿನ್ನಿಗೆ ಹೆಸರ್ಯಾಕಕ್ಕಾ, ಇದನ್ನ ಯಾರು ಇಸ್ಕಂಡು ಹೋಗ್ತಾರೆ ಅಂದೆ. ಅದಕ್ಕವಳು, ಮದುವೆಗೆ ಅಂತ ಕೊಳಗ ಇಸ್ಕಂಡ್ರು, ಬರ್ಲಿಲ್ಲ. ತಂಬಿಗೆ ಇಸ್ಕಂಡ್ರು, ಬರ್ಲಿಲ್ಲ. ಸುಮ್ನೆ ಕೆತ್ತು ಅಂದ್ಲು. ಕೆತ್ತಿಬಿಟ್ಟೆ."

"ಅದರಿಂದೇನು?"

"ಗೀರು ಬಿದ್ರೇ ಮೂಗು ಮುರೀತಾರೆ. ಇದು ಊರ ಹೆಸರಿನ ಸಮೇತ ಐತಲ್ಲ."

ಅಷ್ಟರಲ್ಲಿ, ಚಿತ್ತಯ್ಯ ಮೊದಲೇ ರೇಟು ಹೇಳಿ ಕರೆಸಿದ್ದ ಗಿರಾಕಿ ಬಂದ. ಮಹಾಂತೇಶ್, ದಾವಣಗೆರೆಯ ಔಷಧಿ ವ್ಯಾಪಾರಿ. ಮನೆಯ ತುಂಬ ಗಾಜಿನ ಕಪಾಟು, ಕಪಾಟಿನ ತುಂಬ ಇಂಜಿನ್ನು ಇಟ್ಟವನು. ಹನುಮಣ್ಣನ ಇಂಜಿನ್ನನ್ನು ಎತ್ತಿಕೊಂಡು, ಚಕ್ರ ತಿರುಗಿಸಿ, ಹೊಗೆಕೊಳವೆಯೊಳಗೆ ಇಣುಕಿ "ಆಹಾ" ಅಂದ. ಪಕ್ಕೆ ಕಂಡಿತು. ಥಟ್ಟನೆ ಕೆಳಗಿಟ್ಟ. ನನ್ನ ಕಣ್ಣ ಮುಂದೆ ಬೋರಕ್ಕನ ಕಾಶಿ ರಾಯದುರ್ಗದ ಹತ್ತಿರ ನಿಂತಿತು.

"ಕೊಳಗ ಮಾಡಿಬಿಟ್ರಲ್ರೀ ಇದನ್ನ! ಈ ಹೆಸರು ಉಜ್ಜಿ ತೆಗೀರಿ, ಹೇಳಿದ ರೇಟು ಕೊಡ್ತೀನಿ. ಇಲ್ಲಾಂದ್ರೆ ಅರ್ಧ."

ಅರ್ಧಕ್ಕೆ ಕಾಶಿ ಇಲ್ಲ. ಬೋರಕ್ಕನಿಗೆ ಫೋನ್ ಹಚ್ಚಿದೆ. "ಉಜ್ಜಲಿ ಬಿಡು," ಅಂದಳು. "ನಾನು ಇಲ್ಲೇ ಇದೀನಲ್ಲ, ಹೆಸರು ಎಲ್ಲಿಗೆ ಹೋಗ್ತೈತೆ?" ಫೋನ್ ಇಡುವ ಮುಂಚೆ, "ಮೆಲ್ಲಕೆ ಉಜ್ಜಾಕೆ ಹೇಳು," ಅಂದಳು.

ಫೋನಿನ ಮಾತು ಚಿತ್ತಯ್ಯನಿಗೂ ಕೇಳಿಸಿತ್ತು. "ಆಯ್ತು. ಉಜ್ಜೋ ಅರ ಹುಡುಕ್ತೀನಿ, ಅಲ್ಲೀತನ ಇದನ್ನ ಹಿಡ್ಕಳ್ರಿ, ಕೆಳಗೆ ಧೂಳು" ಎಂದು ಇಂಜಿನ್ನನ್ನು ಮಹಾಂತೇಶನ ಮಡಿಲಿಗೆ ಇಟ್ಟ.

ಅರ ಸಿಗಲಿಲ್ಲ. ಕೂತಲ್ಲಿಂದ ಏಳದೆ ಚಿತ್ತಯ್ಯ ಎಡಗಡೆಯ ಡಬ್ಬಿ ತಡಕಿದ, ಬಲಗಡೆಯ ಡಬ್ಬಿ ತಡಕಿದ. "ಯಾಡ ಪೋಯಿಂದಪ್ಪಾ ಇದಿ" ಎಂದು ಮನೆಮಾತಾದ ತೆಲುಗಿನಲ್ಲಿ ಅದು ಹೋದ ಜಾಗ ಕೇಳಿಕೊಂಡು ಗೊಣಗಿದ. ನನ್ನನ್ನು ಅಟ್ಟ ಹತ್ತಿಸಿದ. ತಕ್ಕಡಿ ಸಿಕ್ಕಿತು, ಜೇಡ ಸಿಕ್ಕಿತು. ಟೀ ತರಿಸಿದ. ನಾನು ಮತ್ತೆ ಹತ್ತಿದೆ. ಮಹಾಂತೇಶ ಒಂದು ಕೈಯಲ್ಲಿ ಟೀ ಕುಡಿಯುತ್ತ, ಇನ್ನೊಂದು ಕೈಯ ಹೆಬ್ಬೆರಳನ್ನು ಬೋರಕ್ಕನ ಹೆಸರಿನ ಮೇಲೆ ಆಡಿಸುತ್ತಿದ್ದ.

"ಯಾರು ಈ ಬೋರಕ್ಕ?"

ಅಟ್ಟದ ಮೇಲಿಂದಲೇ ಹೇಳಿದೆ. ಇಸ್ಕೊಂಡು ಹೋದ ಕೊಳಗ, ರಾಯದುರ್ಗ, ಕಾಶಿ, ಕೊನೆಗೆ ಬಸ್ಸಿನಲ್ಲಿ ನಾನೇ ಬೋರಕ್ಕನಾದದ್ದು. ಮಹಾಂತೇಶ ಟೀ ಚೆಲ್ಲುವಷ್ಟು ನಕ್ಕ. ನಕ್ಕು, ಚೆಲ್ಲಿದ್ದನ್ನು ಇಂಜಿನ್ನಿನ ಮೇಲಿಂದ ತನ್ನ ಬಿಳಿ ಶರಟಿನ ತುದಿಯಿಂದ ಒರೆಸಿದ.

"ನನ್ನ ಕಪಾಟಿನ ಇಂಜಿನ್ನುಗಳು ಯಾರ ಮನೇವು ಅಂತ ನನಗೇ ಗೊತ್ತಿಲ್ಲ," ಅಂದ. "ಇರಲಿ ಬಿಡಿ ಚಿತ್ತಯ್ಯ, ಹುಡುಕಬೇಡಿ."

ಹೇಳಿದ ರೇಟೇ ಕೊಟ್ಟ. ಇಂಜಿನ್ನನ್ನು ಕಾರಿನ ಹಿಂದಿನ ಸೀಟಿಗೆ ಹಾಕದೆ, ಮುಂದೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೋದ. ನಾನು ಅಲ್ಲಿಂದಲೇ ಬೋರಕ್ಕನ ಸೀಟಿಗೆ ದುಡ್ಡು ಕಳಿಸಿ, ತಲೆಗೆ ಮೆತ್ತಿದ್ದ ಜೇಡರ ಬಲೆ ಬಿಡಿಸಿಕೊಳ್ಳುತ್ತ ಕೇಳಿದೆ:

"ಅಲ್ಲ ಚಿತ್ತಯ್ಯ, ಆ ಅರ ಎಲ್ಲಿ ಹೋಯ್ತು?"

ಚಿತ್ತಯ್ಯ ತಣ್ಣಗಾಗಿದ್ದ ಟೀಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಎಲ್ಲಿಗೆ ಹೋಗ್ತೈತೆ ಸಾರ್, ಅದರ ಮೇಲೇ ಕೂತಿದೀನಲ್ಲ."